ನಿಂತ ಹೈಬ್ರಿಡ್ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತದೆ, ಇಳಿಯದಂತೆ ಏನು ಮಾಡಬೇಕು

ದುಬೈಯಿಂದಲೋ ದೋಹಾದಿಂದಲೋ ರಜೆಗೆ ಊರಿಗೆ ಬಂದವರು ಮೂರು ತಿಂಗಳಿಂದ ಶೆಡ್ಡಿನಲ್ಲಿ ನಿಂತ ಕಾರಿನ ಎದುರು ನಿಂತು ಕೀ ಒತ್ತುತ್ತಾರೆ. ಇಂಡಿಕೇಟರ್ ಮಿಣುಕುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಯ ಒಬ್ಬರಾದರೂ ಕೊಲ್ಲಿಯಲ್ಲಿರುವ ನಮ್ಮ ಕಡೆ ಇದು ಪ್ರತಿ ರಜೆಯಲ್ಲೂ ಎಲ್ಲಾದರೊಂದು ಅಂಗಳದಲ್ಲಿ ನಡೆಯುವ ಸಂಗತಿ. ಹಳೆಯ ಕಾರಾದರೆ ನೆರೆಕರೆಯ ನಾಲ್ಕು ಜನ ಸೇರಿ ದೂಡಿ ಸ್ಟಾರ್ಟ್ ಮಾಡಿಬಿಡುತ್ತಿದ್ದರು. ಸ್ಟ್ರಾಂಗ್ ಹೈಬ್ರಿಡ್ ಕಾರನ್ನು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟಾರಿನಿಂದಲೂ ಓಡುವ ಕಾರನ್ನು, ದೂಡಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಹಲವು ಮಾದರಿಗಳಲ್ಲಿ ಕರೆಂಟು ಇಲ್ಲದಿದ್ದರೆ ಗೇರ್ ಪಾರ್ಕಿಂಗ್‌ನಿಂದ ಬಿಡುವುದಿಲ್ಲ, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕೂ ಬಿಡುವುದಿಲ್ಲ. ಆಗ ಕಾರು ಇದ್ದ ಜಾಗದಿಂದ ಅಲ್ಲಾಡುವುದೇ ಇಲ್ಲ.

"ಇಷ್ಟು ದೊಡ್ಡ ಬ್ಯಾಟರಿ ಇರುವ ಕಾರಿಗೂ ಬ್ಯಾಟರಿ ಡೌನ್ ಆಗುತ್ತದಾ?" ಎಂದು ಕೇಳುವವರು ಬಹಳ. ಡೌನ್ ಆಗುವುದು ಆ ದೊಡ್ಡ ಬ್ಯಾಟರಿ ಅಲ್ಲ. ಅದರ ಜೊತೆಗೆ ಇರುವ, ಯಾರೂ ಗಮನಿಸದ ಸಣ್ಣ 12 ವೋಲ್ಟ್ ಬ್ಯಾಟರಿ. ನಿಂತ ಹೈಬ್ರಿಡ್ ಕಾರನ್ನು ನೋಡಿಕೊಳ್ಳುವುದೆಂದರೆ ಹೆಚ್ಚುಪಾಲು ಈ ಸಣ್ಣ ಬ್ಯಾಟರಿಯನ್ನು ನೋಡಿಕೊಳ್ಳುವುದೇ.

ಒಂದು ಕಾರು, ಎರಡು ಬ್ಯಾಟರಿ

ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಹೋಂಡಾ ಸಿಟಿ ಇ:ಎಚ್‌ಇವಿ ಇಂಥ ಕಾರುಗಳಲ್ಲಿ ಚಕ್ರ ತಿರುಗಿಸುವ ಮೋಟಾರಿಗೆ ಕರೆಂಟು ಕೊಡುವುದು ದೊಡ್ಡ ಬ್ಯಾಟರಿ. ಇದರ ವೋಲ್ಟೇಜ್ 170ರಿಂದ 200ರ ಆಸುಪಾಸು. ಹೈಕ್ರಾಸ್‌ನಲ್ಲಿ ಇದು ನಿಕಲ್-ಮೆಟಲ್ ಹೈಡ್ರೈಡ್, ಉಳಿದ ಮೂರರಲ್ಲಿ ಲಿಥಿಯಂ-ಅಯಾನ್. ಕಿತ್ತಳೆ ಬಣ್ಣದ ದಪ್ಪ ವೈರುಗಳು ಈ ಬ್ಯಾಟರಿಯವು. ಅವನ್ನು ಮನೆಯಲ್ಲಿ ಯಾರೂ ಮುಟ್ಟಬಾರದು, ಊರಿನ ವೈರ್‌ಮ್ಯಾನ್ ಕೂಡ.

ಸಣ್ಣ ಬ್ಯಾಟರಿ ಎಲ್ಲ ಕಾರುಗಳಲ್ಲಿ ಇರುವಂಥದ್ದೇ, 12 ವೋಲ್ಟ್‌ನದು. ಬಾಗಿಲಿನ ಲಾಕು, ಲೈಟು, ಅಲಾರಂ, ಕಾರಿನ ತುಂಬ ಹರಡಿರುವ ಕಂಪ್ಯೂಟರ್ ಪೆಟ್ಟಿಗೆಗಳು ಎಲ್ಲವೂ ಇದರ ಮೇಲೆ ನಡೆಯುತ್ತವೆ. ಕಾರು ಆಫ್ ಮಾಡಿದಾಗ ದೊಡ್ಡ ಬ್ಯಾಟರಿಯ ಎರಡೂ ತುದಿಗಳಲ್ಲಿರುವ ದಪ್ಪ ರಿಲೇಗಳು (ಕರೆಂಟಿನಿಂದ ನಡೆಯುವ ಸ್ವಿಚ್ಚುಗಳು) ತೆರೆದುಕೊಂಡು ಅದು ಕಾರಿನಿಂದ ಪೂರ್ತಿ ಬೇರೆಯಾಗುತ್ತದೆ. ಅಪಘಾತದಲ್ಲಿ, ರಿಪೇರಿಯಲ್ಲಿ ಯಾರಿಗೂ 200 ವೋಲ್ಟ್‌ನ ಶಾಕ್ ಹೊಡೆಯಬಾರದೆಂದು ಮಾಡಿದ ವ್ಯವಸ್ಥೆ ಇದು. ಮತ್ತೆ ಆ ರಿಲೇಗಳನ್ನು ಮುಚ್ಚಲು ಬೇಕಾದ ಕರೆಂಟು ಸಣ್ಣ ಬ್ಯಾಟರಿಯಿಂದಲೇ ಬರಬೇಕು.

ತೊಡಕು ಇಲ್ಲೇ ಇದೆ. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಸಣ್ಣದು ಸತ್ತಿದ್ದರೆ ಆ ಕರೆಂಟು ಹೊರಗೆ ಬರಲು ದಾರಿ ಇಲ್ಲ. ಬಾವಿ ತುಂಬ ನೀರಿದೆ, ಪಂಪಿನ ಸ್ವಿಚ್ಚಿಗೆ ಕರೆಂಟು ಇಲ್ಲ ಎಂಬ ಹಾಗೆ.

ಸಾಧಾರಣ ಕಾರಿನಲ್ಲಿ ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಇರುವುದಿಲ್ಲ. ಡಿಸಿ-ಡಿಸಿ ಕನ್ವರ್ಟರ್ ಎಂಬ ಪೆಟ್ಟಿಗೆ ದೊಡ್ಡ ಬ್ಯಾಟರಿಯ ಹೆಚ್ಚು ವೋಲ್ಟೇಜನ್ನು 14 ವೋಲ್ಟ್ ಸುಮಾರಿಗೆ ಇಳಿಸಿ ಸಣ್ಣದನ್ನು ಚಾರ್ಜ್ ಮಾಡುತ್ತದೆ. ಅದು ಕೆಲಸ ಮಾಡುವುದು ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂಬ ದೀಪ ಉರಿಯುತ್ತಿರುವಾಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ವಿಷಯ ಈ ದೀಪದ ಮೇಲೆ ನಿಂತಿದೆ.

ಸ್ಮಾರ್ಟ್ ಹೈಬ್ರಿಡ್ ಎಂದು ಬರುವ ಎರ್ಟಿಗಾ, ಬ್ರೆಝಾದಂಥ, ಮೋಟಾರು ಎಂಜಿನ್‌ಗೆ ಸ್ವಲ್ಪ ನೆರವು ಮಾತ್ರ ಕೊಡುವ ಮೈಲ್ಡ್ ಹೈಬ್ರಿಡ್ ಕಾರುಗಳ ಕಥೆ ಬೇರೆ. ಅವುಗಳಲ್ಲಿ ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿ ಮತ್ತು ಸೀಟಿನ ಕೆಳಗೆ ಪುಟ್ಟ ಲಿಥಿಯಂ ಬ್ಯಾಟರಿ, ಎರಡೂ 12 ವೋಲ್ಟ್‌ನವು. ಬೆಳಗಿನ ಮೊದಲ ಸ್ಟಾರ್ಟ್ ಹಳೆಯ ಕ್ರಮದಂತೆ ಸ್ಟಾರ್ಟರ್ ಮೋಟಾರಿನಿಂದಲೇ. ಅವನ್ನು ಸಾಧಾರಣ ಪೆಟ್ರೋಲ್ ಕಾರಿನಂತೆ ನೋಡಿಕೊಂಡರೆ ಸಾಕು. ಈ ಲೇಖನ ಸ್ಟ್ರಾಂಗ್ ಹೈಬ್ರಿಡ್‌ಗಳ ಬಗ್ಗೆ.

ಎಷ್ಟು ದಿನ ತಾಳುತ್ತದೆ, ಲೆಕ್ಕ ಹಾಕೋಣ

ಲಾಕ್ ಮಾಡಿ ನಿಲ್ಲಿಸಿದ ಕಾರು ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ ಎಚ್ಚರವಾಗಿರುತ್ತದೆ, ಸ್ಮಾರ್ಟ್ ಕೀ ಹತ್ತಿರ ಬಂತೇ ಎಂದು ರಿಸೀವರ್ ಕಿವಿ ಕೊಟ್ಟು ಕೂತಿರುತ್ತದೆ, ಗಡಿಯಾರ ನಡೆಯುತ್ತದೆ, ಮೊಬೈಲ್ ಆ್ಯಪಿನ ಜೊತೆ ಮಾತಾಡುವ ಪೆಟ್ಟಿಗೆ ಆಗಾಗ ನೆಟ್‌ವರ್ಕ್ ಹುಡುಕುತ್ತದೆ. ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ.

30 ಮಿಲಿಆಂಪಿಯರ್ ಎಂದು ಇಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು ಚಾರ್ಜು), ವಾರಕ್ಕೆ 5. ಬ್ಯಾಟರಿ 45 ಆಂಪಿಯರ್-ಅವರ್‌ನದಾದರೆ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು. ಅದು ಹೊಸ ಬ್ಯಾಟರಿಯ ಲೆಕ್ಕ. ನಾಲ್ಕು ವರ್ಷ ದುಡಿದ ಬ್ಯಾಟರಿಯಲ್ಲಿ ನಿಜವಾಗಿ ಉಳಿದಿರುವುದು 27 ಇರಬಹುದು. ಅದು 18-19 ದಿನಕ್ಕೇ ಅರ್ಧವಾಗುತ್ತದೆ. "ಹೋದ ವರ್ಷ ಒಂದು ತಿಂಗಳು ನಿಂತಿದ್ದರೂ ಏನೂ ಆಗಿರಲಿಲ್ಲ, ಈ ಸಲ ಮೂರು ವಾರಕ್ಕೇ ಹೋಯಿತು" ಎಂಬ ಮಾತಿನ ಹಿಂದೆ ಇರುವುದು ಹೆಚ್ಚಾಗಿ ಇದೇ.

ಇದರ ಮೇಲೆ ಬ್ಯಾಟರಿ ತಾನಾಗಿಯೂ ಒಳಗೊಳಗೇ ಇಳಿಯುತ್ತದೆ. ಲೆಡ್-ಆಸಿಡ್ ಬ್ಯಾಟರಿ ತಿಂಗಳಿಗೆ ಶೇಕಡಾ 3ರಿಂದ 5ರಷ್ಟು ಹೀಗೆ ಕಳೆದುಕೊಳ್ಳುತ್ತದೆ. ಶಾಖ 10 ಡಿಗ್ರಿ ಏರಿದರೆ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಶೀಟು ಹೊದೆಸಿದ ಶೆಡ್ಡಿನೊಳಗೆ ಕಾದು ನಿಂತ ಕಾರು, ಹಂಚಿನ ಮಾಡಿನ ನೆರಳಲ್ಲಿ ನಿಂತ ಕಾರಿಗಿಂತ ಬೇಗ ಸೋಲುವುದು ಇದರಿಂದಲೇ.

ಅರ್ಧಕ್ಕಿಂತ ಇಳಿದು ಹಾಗೇ ವಾರಗಟ್ಟಲೆ ಬಿಟ್ಟರೆ ನಷ್ಟ ಒಂದು ದಿನದ ಪೇಚಾಟಕ್ಕೆ ಮುಗಿಯುವುದಿಲ್ಲ. ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಎರಡು ಮೂರು ಸಲ ಪೂರ್ತಿ ಇಳಿದ ಬ್ಯಾಟರಿ ಮೊದಲಿನಂತೆ ಆಗುವುದು ಅಪರೂಪ.

ನಡುವೆ ಕುಡಿಯುವವರು

ಲೆಕ್ಕವನ್ನು ಪೂರ್ತಿ ತಲೆಕೆಳಗು ಮಾಡುವುದು ನಾವು ಮೇಲಿಂದ ಹಾಕಿಸಿದ ಸಾಮಾನುಗಳು. ಮೊದಲನೆಯದು ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ ಅದು 300 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 7.2 ಆಂಪಿಯರ್-ಅವರ್. ಮೂರೇ ದಿನಕ್ಕೆ ಬ್ಯಾಟರಿ ಅರ್ಧ. ಜಿಪಿಎಸ್ ಟ್ರ್ಯಾಕರ್, ಸ್ಟಿಯರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಮೆಕ್ಯಾನಿಕ್ ಕಾರಿನ ದೋಷ ಓದುವ ಸಾಕೆಟ್) ಸಿಕ್ಕಿಸಿದ ಬ್ಲೂಟೂತ್ ತುಂಡು, ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್ ಇವೂ ಅದೇ ಜಾತಿ. ಕಾರು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಾದರೆ ಇವನ್ನೆಲ್ಲ ಕಿತ್ತಿಡಿ. ಓಬಿಡಿಯ ತುಂಡು ತಾನು ಎಳೆಯುವುದಲ್ಲದೆ ಕೆಲವೊಮ್ಮೆ ಕಾರಿನ ಕಂಪ್ಯೂಟರುಗಳನ್ನೂ ಮಲಗಲು ಬಿಡುವುದಿಲ್ಲ.

ಡಿಕ್ಕಿ ಸರಿಯಾಗಿ ಕೂರದೆ ಒಳಗಿನ 5 ವ್ಯಾಟ್‌ನ ಬಲ್ಬು ಉರಿಯುತ್ತಿದ್ದರೆ ಅದೊಂದೇ ದಿನಕ್ಕೆ 10 ಆಂಪಿಯರ್-ಅವರ್ ತಿನ್ನುತ್ತದೆ. ರಾತ್ರಿ ಹೊತ್ತು ಶೆಡ್ಡಿನ ಲೈಟು ಆರಿಸಿ ಕಾರಿನ ಸುತ್ತ ಒಂದು ಸುತ್ತು ಬಂದರೆ ಇಂಥದ್ದು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಕೀ. ನಮ್ಮ ಮನೆಗಳಲ್ಲಿ ಕೀ ನೇತುಹಾಕುವ ಮೊಳೆ ಹೆಚ್ಚಾಗಿ ಶೆಡ್ಡಿಗೆ ತಾಗಿದ ಗೋಡೆಯಲ್ಲೇ ಇರುತ್ತದೆ. ಸ್ಮಾರ್ಟ್ ಕೀ ಕಾರಿನ ಹತ್ತಿರವೇ ಇದ್ದರೆ ಕಾರಿಗೂ ಕೀಗೂ ಸಂದೇಶ ಓಡಾಡುತ್ತಲೇ ಇರುತ್ತದೆ, ಎರಡರ ಬ್ಯಾಟರಿಯೂ ಸವೆಯುತ್ತದೆ. ಎರಡು ಕೀಗಳನ್ನೂ ಒಳಕೋಣೆಯಲ್ಲಿ, ಕಾರಿನಿಂದ ಐದಾರು ಮೀಟರ್ ದೂರದಲ್ಲಿ ಇಡಿ. ಕಬ್ಬಿಣದ ಕಪಾಟು ಇನ್ನೂ ಒಳ್ಳೆಯದು. ಹಾಗೆಯೇ ಮಸ್ಕತ್‌ನಲ್ಲಿ ಕುಳಿತು ದಿನಾ ಆ್ಯಪ್ ತೆರೆದು ಕಾರು ಹೇಗಿದೆ ಎಂದು ನೋಡುವುದೂ ಬೇಡ. ಪ್ರತಿ ಸಲ ನೀವು ಕೇಳಿದಾಗ ಅಲ್ಲಿ ಕಾರು ಎಚ್ಚರಗೊಂಡು ಉತ್ತರ ಕೊಡಬೇಕು.

ಬಟನ್ ಒತ್ತುವ ರೀತಿ

ಹೈಬ್ರಿಡ್ ಕಾರು ಇರುವ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬ್ಯಾಟರಿ ಕೊಲ್ಲುವುದು ಒಳ್ಳೆಯ ಉದ್ದೇಶದಿಂದ ಮಾಡುವ ಈ ಒಂದು ತಪ್ಪು. ಫೋನಿನಲ್ಲಿ ಮಗ ಹೇಳುತ್ತಾನೆ, "ಕಾರು ಒಂದು ಗಂಟೆ ಆನ್ ಮಾಡಿ ಇಡಿ ಅಪ್ಪ, ಬ್ಯಾಟರಿ ಚಾರ್ಜ್ ಆಗಲಿ." ಅಪ್ಪ ಹೋಗಿ ಬಟನ್ ಒತ್ತುತ್ತಾರೆ. ಬ್ರೇಕ್ ಒತ್ತದೆ ಬಟನ್ ಒಂದು ಸಲ ಒತ್ತಿದರೆ ಅನೇಕ ಮಾದರಿಗಳಲ್ಲಿ ಎಸಿಸಿ (ರೇಡಿಯೋದಂಥವು ಮಾತ್ರ ನಡೆಯುವ ಸ್ಥಿತಿ), ಎರಡು ಸಲ ಒತ್ತಿದರೆ ಆನ್. ಡ್ಯಾಶ್‌ಬೋರ್ಡ್ ತುಂಬ ದೀಪ ಹತ್ತಿತು, ರೇಡಿಯೋ ಹಾಡಿತು. ಎಂಜಿನ್ ಶಬ್ದವಿಲ್ಲ, ಆದರೆ ಹೈಬ್ರಿಡ್ ಅಲ್ಲವೇ, ಶಬ್ದ ಇರುವುದಿಲ್ಲವಲ್ಲ ಎಂದುಕೊಂಡು ಅವರು ತೋಟಕ್ಕೆ ಹೋಗುತ್ತಾರೆ.

ಆ ಸ್ಥಿತಿಯಲ್ಲಿ ದೊಡ್ಡ ಬ್ಯಾಟರಿಯ ರಿಲೇ ಮುಚ್ಚಿರುವುದಿಲ್ಲ, ಕನ್ವರ್ಟರ್ ಕೆಲಸ ಮಾಡುತ್ತಿರುವುದಿಲ್ಲ. ಆದರೆ ಕಾರಿನ ಎಲ್ಲ ಕಂಪ್ಯೂಟರುಗಳೂ ಎದ್ದು ಕೂತಿರುತ್ತವೆ, ಫ್ಯಾನು, ಪರದೆ ಎಲ್ಲ ಓಡುತ್ತಿರುತ್ತವೆ. 10 ಆಂಪಿಯರ್ ಎಂದು ಹಿಡಿದರೂ ಎರಡು ಗಂಟೆಗೆ 20 ಆಂಪಿಯರ್-ಅವರ್ ಖಾಲಿ. ನಾಲ್ಕು ವಾರದಲ್ಲಿ ಇಳಿಯಬೇಕಾದ್ದು ಎರಡೇ ಗಂಟೆಯಲ್ಲಿ ಇಳಿಯಿತು.

ಆದ್ದರಿಂದ ಫೋನಿನಲ್ಲಿ ಹೇಳಿಕೊಡುವುದಾದರೆ ಹೀಗೆ ಹೇಳಿ: "ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಬಟನ್ ಒಂದೇ ಸಲ ಒತ್ತಿ. 'ರೆಡಿ' ಅಂತ ದೀಪ ಬಂತಾ? ಬಂದರೆ ಮಾತ್ರ ಬ್ರೇಕ್ ಬಿಡಿ." ಆ ದೀಪದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿಬಿಟ್ಟರೆ ಇನ್ನೂ ವಾಸಿ. ರೆಡಿ ಬಂದ ಮೇಲೆ ಎಂಜಿನ್ ತಾನಾಗಿ ಹೊತ್ತಿಕೊಳ್ಳಬಹುದು, ಸ್ವಲ್ಪ ಹೊತ್ತಿಗೆ ನಿಲ್ಲಬಹುದು, ಮತ್ತೆ ಹೊತ್ತಿಕೊಳ್ಳಬಹುದು. ದೊಡ್ಡ ಬ್ಯಾಟರಿ ಇಳಿದಾಗ ಎಂಜಿನ್ ಅದನ್ನು ತುಂಬುತ್ತದೆ, ಅದು ಸಣ್ಣದನ್ನು ತುಂಬುತ್ತದೆ. ಆಕ್ಸಿಲರೇಟರ್ ಒತ್ತುವ ಅಗತ್ಯವೇ ಇಲ್ಲ. ಗೇರ್ ಪಾರ್ಕಿಂಗ್‌ನಲ್ಲೇ ಇರಲಿ. ನ್ಯೂಟ್ರಲ್‌ಗೆ ಹಾಕಿಟ್ಟರೆ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿ, ಹೆಡ್‌ಲೈಟ್ ಆಫ್ ಇರಲಿ.

ಎಷ್ಟು ಹೊತ್ತು? ವಾರಕ್ಕೊಮ್ಮೆ ಒಂದು ಗಂಟೆ. ಐದು ನಿಮಿಷ ಮಾಡಿದರೆ ಉಪಯೋಗಕ್ಕಿಂತ ಉಪದ್ರವೇ ಹೆಚ್ಚು. ವಾರದಲ್ಲಿ ಹೋದ 5 ಆಂಪಿಯರ್-ಅವರ್‌ನಲ್ಲಿ ಐದು ನಿಮಿಷಕ್ಕೆ ಒಂದು ವಾಪಸು ಬಂದರೆ ದೊಡ್ಡದು. ಅಷ್ಟರಲ್ಲಿ ಎಂಜಿನ್ ತಣ್ಣಗೇ ಹೊತ್ತಿ ತಣ್ಣಗೇ ನಿಂತಿರುತ್ತದೆ, ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರಿನ ಪಸೆ ಉಳಿಯುತ್ತದೆ. ನಮ್ಮ ಆಟಿಯ ತೇವದಲ್ಲಿ ಅದು ಬೇಗ ಒಣಗುವುದೂ ಇಲ್ಲ.

ಮೂರು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಶೆಡ್ಡಿಗೆ ಶಟರ್ ಇದ್ದರೆ ಪೂರ್ತಿ ತೆರೆದೇ ಇರಬೇಕು. ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ. ರೆಡಿಯಲ್ಲಿರುವ ಕಾರನ್ನು ಬಿಟ್ಟು ಯಾರೂ ದೂರ ಹೋಗಬಾರದು. ಶಬ್ದವಿಲ್ಲದ ಕಾರಿನೊಳಗೆ ಮಗುವೊಂದು ಹತ್ತಿ ಬ್ರೇಕ್ ಒತ್ತಿ ಗೇರ್ ಎಳೆದರೆ ಕಾರು ಹೊರಡಬಹುದು. ಮತ್ತು ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ಪೆಟ್ರೋಲ್ ಇರಲಿ. ಪೆಟ್ರೋಲ್ ಮುಗಿದರೆ ಎಂಜಿನ್ ಹೊತ್ತುವುದಿಲ್ಲ, ಕಾರು ದೊಡ್ಡ ಬ್ಯಾಟರಿಯನ್ನೇ ಹಿಂಡುತ್ತಾ ಹೋಗುತ್ತದೆ. ಸಣ್ಣದು ಸತ್ತರೆ ಮನೆಯಲ್ಲೇ ಎಬ್ಬಿಸಬಹುದು. ದೊಡ್ಡದು ಪೂರ್ತಿ ಇಳಿದರೆ ಸರ್ವಿಸ್ ಸೆಂಟರಿನವರನ್ನೇ ಕರೆಯಬೇಕು.

ಆ ದೊಡ್ಡ ಬ್ಯಾಟರಿಯೂ ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಲಿಥಿಯಂ ತಿಂಗಳಿಗೆ ಬಹಳ ಕಡಿಮೆ, ನಿಕಲ್-ಮೆಟಲ್ ಹೈಡ್ರೈಡ್ ಅದಕ್ಕಿಂತ ಜಾಸ್ತಿ. ಎರಡು ಮೂರು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರ್ ಓಡಿಸಿ ಎಂದು ಟೊಯೋಟಾದ ಕೈಪಿಡಿಗಳು ಹೇಳುತ್ತವೆ. ಕುಂಬಳೆಯಿಂದ ಕಾಸರಗೋಡಿಗೆ ಹೋಗಿ ಬಂದರೆ ಧಾರಾಳ. ಓಡಿಸುವುದು ನಿಲ್ಲಿಸಿಕೊಂಡು ರೆಡಿ ಮಾಡುವುದಕ್ಕಿಂತ ಯಾವಾಗಲೂ ಮೇಲು. ಟಯರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ, ಮಳೆಗಾಲದಲ್ಲಿ ಬ್ರೇಕ್ ಡಿಸ್ಕಿಗೆ ಹಿಡಿದ ತುಕ್ಕೂ ಉಜ್ಜಿ ಹೋಗುತ್ತದೆ.

ತಿಂಗಳುಗಟ್ಟಲೆ ನಿಲ್ಲುವ ಕಾರು

ಎರಡು ವಾರದೊಳಗಿನ ನಿಲುಗಡೆಗೆ ಡ್ಯಾಶ್‌ಕ್ಯಾಮ್ ಕಿತ್ತು, ಕೀ ದೂರ ಇಟ್ಟರೆ ಸಾಕು. ಮನೆಯಲ್ಲಿ ಓಡಿಸಬಲ್ಲವರು ಇದ್ದರೆ ವಾರಕ್ಕೊಂದು ಓಡಾಟ ಇದ್ದರಾಯಿತು. ಕಷ್ಟ ಬರುವುದು ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಿಲ್ಲಿಸಿ, ಮೂರು ತಿಂಗಳ ನಂತರ ಬಂದು ತೆಗೆಯುವವರಿಗೆ. ಅವರಿಗೆ ಎರಡು ದಾರಿಗಳಿವೆ: ಮೇಂಟೇನರ್ ಚಾರ್ಜರ್, ಇಲ್ಲವೇ ನೆಗೆಟಿವ್ ಟರ್ಮಿನಲ್ ಬಿಚ್ಚುವುದು.

ಮೇಂಟೇನರ್ ಎಂದರೆ ಮನೆಯ ಪ್ಲಗ್ಗಿನಿಂದ ನಡೆಯುವ 1ರಿಂದ 2 ಆಂಪಿಯರ್‌ನ ಸಣ್ಣ ಸ್ಮಾರ್ಟ್ ಚಾರ್ಜರ್. ಬ್ಯಾಟರಿ ತುಂಬಿದಾಗ ತಾನೇ ಕೈಬಿಡುತ್ತದೆ, ಇಳಿದಾಗ ತಾನೇ ಹಿಡಿಯುತ್ತದೆ. ಕಾರಿನ ಬ್ಯಾಟರಿ ಎಜಿಎಂ ಜಾತಿಯದಾದರೆ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ, ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿ) ಚಾರ್ಜರಿನಲ್ಲೂ ಎಜಿಎಂ ಎಂಬ ಆಯ್ಕೆ ಇರಬೇಕು. ಗ್ಯಾರೇಜಿನ ಹಳೆಯ ದೊಡ್ಡ ಚಾರ್ಜರನ್ನೋ ಇನ್ವರ್ಟರಿನ ಚಾರ್ಜಿಂಗ್ ವೈರನ್ನೋ ಇದಕ್ಕೆ ಹಚ್ಚಬೇಡಿ, ನಿಯಂತ್ರಣವಿಲ್ಲದ ವೋಲ್ಟೇಜ್ ಎಜಿಎಂ ಬ್ಯಾಟರಿಯನ್ನು ಒಣಗಿಸಿ ಉಬ್ಬಿಸಿಬಿಡುತ್ತದೆ. ಮೇಂಟೇನರಿನ ಜೊತೆ ಬರುವ ಉಂಗುರದಂಥ ತುದಿಗಳ, ಫ್ಯೂಸ್ ಇರುವ ವೈರನ್ನು ಟರ್ಮಿನಲ್‌ಗೆ ಒಮ್ಮೆ ಬಿಗಿದಿಟ್ಟರೆ ಮತ್ತೆ ಪ್ರತಿ ಸಲ ಕ್ಲಿಪ್ ಹಾಕುವ ಕೆಲಸವಿಲ್ಲ.

ಕರಾವಳಿಯಲ್ಲಿ ಇದಕ್ಕೊಂದು ಷರತ್ತು: ಮಿಂಚು. ಅಕ್ಟೋಬರ್, ನವೆಂಬರ್‌ನ ತುಲಾ ಮಳೆಯ ಸಂಜೆಗಳಲ್ಲಿ, ಏಪ್ರಿಲ್-ಮೇಯ ಗುಡುಗಿನಲ್ಲಿ ಚಾರ್ಜರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಮಿಂಚಿಗೆ ಸ್ವಿಚ್ಚಿನ ಅಂತರ ಲೆಕ್ಕಕ್ಕಿಲ್ಲ. ಚಾರ್ಜರ್ ಸುಟ್ಟರೆ ಹೋಗಲಿ ಎನ್ನಬಹುದು, ಅದರ ವೈರು ಹೋಗುವುದು ಕಾರಿನ ಕಂಪ್ಯೂಟರುಗಳ ಕಡೆಗೆ. ಪ್ಲಗ್ ಕೀಳಲು ಮನೆಯಲ್ಲಿ ಜನವಿಲ್ಲ ಎಂದಾದರೆ ಮೇಂಟೇನರ್ ಬೇಡ, ಟರ್ಮಿನಲ್ ಬಿಚ್ಚುವುದೇ ಸರಿ. ಬೀಗ ಹಾಕಿ ಹೋಗುವ ಮನೆಗೆ ನಾವು ಹೇಳುವುದು ಇದನ್ನೇ.

ಸೋಲಾರ್ ಪ್ಯಾನೆಲ್ ಬಗ್ಗೆ ಕೇಳುವವರಿದ್ದಾರೆ. 10 ವ್ಯಾಟ್‌ನ ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ ಬಿಸಿಲಿನ ದಿನಗಳಲ್ಲಿ ಈ ಕೆಲಸಕ್ಕೆ ಸಾಕಾಗುತ್ತದೆ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್-ಜುಲೈಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಶೆಡ್ಡಿನೊಳಗೆ ಬಿಸಿಲೂ ಇಲ್ಲ. ಅದನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೂ ಪ್ರಯೋಜನವಿಲ್ಲ, ಇಂದಿನ ಬಹುತೇಕ ಕಾರುಗಳಲ್ಲಿ ಆಫ್ ಮಾಡಿದ ಮೇಲೆ ಆ ಸಾಕೆಟ್ ಬ್ಯಾಟರಿಯಿಂದ ಬೇರೆಯಾಗಿರುತ್ತದೆ.

ಟರ್ಮಿನಲ್ ಬಿಚ್ಚುವ ಕ್ರಮ

ಬೇಕಾದ್ದು ಒಂದು 10 ಮಿಲಿಮೀಟರ್ ಸ್ಪ್ಯಾನರ್, ಒಂದು ಒಣ ಬಟ್ಟೆ. ಸಣ್ಣ ಬ್ಯಾಟರಿ ಎಲ್ಲಿದೆ ಎಂದು ಮೊದಲು ಕೈಪಿಡಿಯಲ್ಲಿ ನೋಡಿ. ಕೆಲವು ಮಾದರಿಗಳಲ್ಲಿ ಬಾನೆಟ್ ಕೆಳಗೆ, ಕೆಲವದರಲ್ಲಿ ಡಿಕ್ಕಿಯ ಬದಿಯ ಮುಚ್ಚಳದೊಳಗೆ.

ಕಿಟಕಿಗಳನ್ನೆಲ್ಲ ಏರಿಸಿ, ಕಾರು ಆಫ್ ಮಾಡಿ. ಕೀಯನ್ನು ದೂರ ಇಟ್ಟು ಬನ್ನಿ. ಕಂಪ್ಯೂಟರುಗಳು ತಮ್ಮ ಲೆಕ್ಕ ಬರೆದುಕೊಂಡು ಮಲಗಲು ಐದು ನಿಮಿಷ ಕೊಡಿ. ಆಮೇಲೆ ಕಪ್ಪು ವೈರಿನ, ಅಂದರೆ ನೆಗೆಟಿವ್ ಟರ್ಮಿನಲ್‌ನ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಕ್ಲಾಂಪನ್ನು ಅತ್ತಿತ್ತ ಸ್ವಲ್ಪ ತಿರುಗಿಸುತ್ತಾ ಮೇಲೆತ್ತಿ. ಸ್ಕ್ರೂಡ್ರೈವರ್ ತುರುಕಿ ಎಬ್ಬಬೇಡಿ, ಸೀಸದ ಕಂಬ ಬುಡದಲ್ಲಿ ಅಲುಗಾಡಿದರೆ ಆಸಿಡ್ ಸೋರಲು ದಾರಿಯಾಗುತ್ತದೆ. ಕಳಚಿದ ಕ್ಲಾಂಪನ್ನು ಬಟ್ಟೆಯಲ್ಲಿ ಸುತ್ತಿ, ತಾನಾಗಿ ಮತ್ತೆ ಕಂಬಕ್ಕೆ ತಾಗದಂತೆ ಬದಿಗೆ ಸಿಕ್ಕಿಸಿ. ಕೆಂಪು ವೈರನ್ನು ಮುಟ್ಟುವ ಕೆಲಸವೇ ಇಲ್ಲ. ನೆಗೆಟಿವ್ ಇನ್ನೂ ಜೋಡಿಸಿರುವಾಗ ಕೆಂಪಿನ ನಟ್ಟಿಗೆ ಹಾಕಿದ ಸ್ಪ್ಯಾನರ್ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಆ ಸ್ಪ್ಯಾನರಿನ ಮೂಲಕ ಹರಿದು ಕೈ ಸುಡುತ್ತದೆ.

ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಇನ್ನೊಂದು ಮಾತು. ಡಿಕ್ಕಿಯ ಲಾಕು ಕರೆಂಟಿನದು. ಬ್ಯಾಟರಿ ಬಿಚ್ಚಿ ಡಿಕ್ಕಿ ಮುಚ್ಚಿದರೆ ಮತ್ತೆ ಹೊರಗಿನಿಂದ ತೆರೆಯುವುದಿಲ್ಲ. ಹಿಂದಿನ ಸೀಟು ಮಡಚಿ ಒಳಗಿಂದ ತೂರಿ ತುರ್ತು ಲಿವರ್ ಎಳೆಯಬೇಕಾಗುತ್ತದೆ. ಆ ಲಿವರ್ ಎಲ್ಲಿದೆ ಎಂದು ಬಿಚ್ಚುವ ಮೊದಲೇ ನೋಡಿಕೊಳ್ಳಿ.

ಬಾಗಿಲು ಲಾಕ್ ಮಾಡಲು ಸ್ಮಾರ್ಟ್ ಕೀಯ ಹೊಟ್ಟೆಯೊಳಗೆ ಅಡಗಿರುವ ಲೋಹದ ಕೀ ಬೇಕು. ಅನೇಕರು ಅದನ್ನು ಕಾರು ತೆಗೆದುಕೊಂಡ ದಿನದಿಂದ ಹೊರತೆಗೆದೇ ಇರುವುದಿಲ್ಲ. ಕಡಲ ಉಪ್ಪಿನ ಗಾಳಿಗೆ ಡ್ರೈವರ್ ಬಾಗಿಲಿನ ಲಾಕು ಬಿಗಿದುಕೊಂಡಿರಬಹುದು. ಬ್ಯಾಟರಿ ಚೆನ್ನಾಗಿರುವ ಇವತ್ತೇ ಒಮ್ಮೆ ಆ ಕೀ ಹಾಕಿ ತಿರುಗಿಸಿ ನೋಡಿ, ತಿರುಗದಿದ್ದರೆ ಗ್ರಾಫೈಟ್ ಪುಡಿ ಹಾಕಿ ಸಡಿಲಿಸಿ.

ಬಿಚ್ಚಿಟ್ಟ ಬ್ಯಾಟರಿಯಿಂದ ಕಾರು ಏನನ್ನೂ ಎಳೆಯುವುದಿಲ್ಲ, ಸ್ವಂತ ಸೋರಿಕೆ ಮಾತ್ರ. ಪೂರ್ತಿ ಚಾರ್ಜ್ ಮಾಡಿ ಬಿಚ್ಚಿದ ಒಳ್ಳೆಯ ಬ್ಯಾಟರಿ ಮೂರು ತಿಂಗಳು ತಾಳಿಕೊಳ್ಳುತ್ತದೆ. ಪೂರ್ತಿ ಚಾರ್ಜ್ ಮಾಡಿ ಎಂಬ ಮಾತನ್ನು ಒತ್ತಿ ಹೇಳಬೇಕು: ಅರ್ಧ ಇಳಿದಿರುವುದನ್ನು ಬಿಚ್ಚಿಟ್ಟರೆ ಸಲ್ಫೇಟ್ ಕಟ್ಟುವುದು ನಿಲ್ಲುವುದಿಲ್ಲ. ಮತ್ತೆ ಜೋಡಿಸಿದಾಗ ಗಡಿಯಾರ, ರೇಡಿಯೋ ಸ್ಟೇಷನ್ ಹೋಗಿರುತ್ತವೆ. ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರದಿದ್ದರೆ ಕೆಟ್ಟಿದೆ ಎಂದು ಭಾವಿಸಬೇಡಿ, ಬಟನ್ ಎತ್ತಿ ಹಿಡಿದು ಪೂರ್ತಿ ಮುಚ್ಚಿ ಇನ್ನೂ ಎರಡು ಮೂರು ಸೆಕೆಂಡ್ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಸರಿಯಾಗುತ್ತದೆ.

ಮೀಟರ್ ಹಿಡಿದು ನೋಡುವುದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಊಹೆಯ ಕೆಲಸ ತಪ್ಪುತ್ತದೆ. ಕಾರು ನಿಲ್ಲಿಸಿ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು, ಬಾಗಿಲು ತೆರೆಯಲೇಬೇಕಾದರೆ ಅದಾಗಿ ಅರ್ಧ ಗಂಟೆ ಬಿಟ್ಟು, 20 ವೋಲ್ಟ್ ಡಿಸಿಯಲ್ಲಿಟ್ಟು ಎರಡು ಟರ್ಮಿನಲ್‌ಗೆ ಮುಟ್ಟಿಸಿ. 12.6ರಿಂದ 12.8 ತುಂಬಿದ ಬ್ಯಾಟರಿ. 12.4 ಎಂದರೆ ಮುಕ್ಕಾಲು, ಚಾರ್ಜ್ ಮಾಡುವ ಹೊತ್ತು. 12.2 ಅರ್ಧ. 12ಕ್ಕೆ ಬಂದರೆ ಕಾಲು ಉಳಿದಿದೆ ಅಷ್ಟೇ. ರೆಡಿಯಲ್ಲಿ ಇಟ್ಟು ನೋಡಿದಾಗ 13.8ರಿಂದ 14.5ರ ನಡುವೆ ಇರಬೇಕು. ರೆಡಿ ದೀಪ ಉರಿಯುತ್ತಿದ್ದೂ ಮೀಟರ್ 12.5ರಲ್ಲೇ ನಿಂತಿದ್ದರೆ ಕನ್ವರ್ಟರ್ ಚಾರ್ಜ್ ಮಾಡುತ್ತಿಲ್ಲ. ಆಗ ಬ್ಯಾಟರಿ ಬದಲಿಸಿ ಫಲವಿಲ್ಲ, ಸರ್ವಿಸ್ ಸೆಂಟರಿಗೆ ಹೋಗಬೇಕು.

ವಾರಕ್ಕೇ ಬ್ಯಾಟರಿ ಇಳಿಯುತ್ತಿದ್ದರೆ ಎಳೆತ ಅಳೆಯಬೇಕು. ಡಿಸಿ ಕ್ಲಾಂಪ್ ಮೀಟರ್ ಇದ್ದರೆ ನೆಗೆಟಿವ್ ವೈರಿನ ಸುತ್ತ ಹಾಕಿದರಾಯಿತು. ಮಲ್ಟಿಮೀಟರ್ ಆದರೆ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ನೆಗೆಟಿವ್ ಕ್ಲಾಂಪಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಜೋಡಿಸಬೇಕು. ಜೋಡಿಸಿದ ಕ್ಷಣದಲ್ಲಿ ಕೆಲವು ಆಂಪಿಯರ್ ತೋರಿಸಿ ಮೆಲ್ಲಗೆ ಇಳಿಯುತ್ತದೆ. 30-40 ನಿಮಿಷ ಸುಮ್ಮನೆ ಕಾಯಿರಿ. ಆ ಹೊತ್ತಿನಲ್ಲಿ ಬಾಗಿಲು ತೆರೆಯುವುದು, ಪವರ್ ಬಟನ್ ಒತ್ತುವುದು ಮಾಡಿದರೆ ಮೀಟರಿನ ಫ್ಯೂಸ್ ಹಾರುತ್ತದೆ. ಕೊನೆಗೆ 0.05ಕ್ಕಿಂತ ಕೆಳಗೆ ನಿಂತರೆ ಕಾರು ಸರಿಯಿದೆ. 0.3, 0.5 ಎಂದು ನಿಂತರೆ ಒಂದೊಂದೇ ಫ್ಯೂಸ್ ತೆಗೆದು ಯಾವುದು ತೆಗೆದಾಗ ಅಂಕಿ ಬೀಳುತ್ತದೆ ಎಂದು ನೋಡಿ, ಕಳ್ಳ ಸಿಗುತ್ತಾನೆ. ಕಿತ್ತಳೆ ವೈರಿನ ಪೆಟ್ಟಿಗೆಗಳ ಕಡೆ ಹೋಗದೆ ಈ ಹುಡುಕಾಟ ಮುಗಿಯಬೇಕು.

ಟರ್ಮಿನಲ್ ಮೇಲೆ ಹಸುರು-ಬಿಳಿ ಪುಡಿ ಕಟ್ಟಿದ್ದರೆ ಅದೂ ಒಂದು ಕಾರಣ. ಕಡಲ ಬದಿಯ ಊರುಗಳಲ್ಲಿ ಇದು ಬೇಗ ಬರುತ್ತದೆ. ಆ ಪುಡಿ ಕರೆಂಟಿಗೆ ಅಡ್ಡ ನಿಂತು ಬ್ಯಾಟರಿ ಪೂರ್ತಿ ತುಂಬಲು ಬಿಡುವುದಿಲ್ಲ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಟರ್ಮಿನಲ್ ಬಿಚ್ಚಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಒರೆಸಿ ಒಣಗಿಸಿ, ಜೋಡಿಸಿದ ನಂತರ ಮೇಲಿಂದ ತೆಳ್ಳಗೆ ವ್ಯಾಸಲಿನ್ ಹಚ್ಚಿ.

ಸತ್ತ ಮೇಲೆ

ಜಂಪ್ ಕೊಡುವುದು, ಅಂದರೆ ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟು ಎಬ್ಬಿಸುವುದು, ಹೈಬ್ರಿಡ್‌ಗೆ ಸುಲಭ, ಏಕೆಂದರೆ ಇಲ್ಲಿ ಸಣ್ಣ ಬ್ಯಾಟರಿ ಸ್ಟಾರ್ಟರ್ ತಿರುಗಿಸಬೇಕಾಗಿಲ್ಲ, ಕಂಪ್ಯೂಟರ್ ಎಬ್ಬಿಸಿ ರಿಲೇ ಮುಚ್ಚಿದರೆ ಸಾಕು. ಕೈಯಲ್ಲಿ ಹಿಡಿಯುವ 12 ವೋಲ್ಟ್‌ನ ಬೂಸ್ಟರ್ ಪೆಟ್ಟಿಗೆಯೇ ಧಾರಾಳ. ಕೆಂಪು ಕ್ಲಿಪ್ ಪಾಸಿಟಿವ್‌ಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರ, ಬಣ್ಣವಿಲ್ಲದ ಗಟ್ಟಿ ಲೋಹದ ಬೋಲ್ಟಿಗೆ. ಬ್ಯಾಟರಿ ಡಿಕ್ಕಿಯಲ್ಲಿರುವ ಕೆಲವು ಕಾರುಗಳಲ್ಲಿ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲೇ ಜಂಪ್‌ಗೆಂದು ಕೆಂಪು ಮುಚ್ಚಳದ ಟರ್ಮಿನಲ್ ಇರುತ್ತದೆ. ಕೆಂಪು ಕಪ್ಪು ಅದಲುಬದಲಾದರೆ ಒಂದು ಕ್ಷಣ ಸಾಕು, ಕನ್ವರ್ಟರ್ ಮತ್ತು ಕಂಪ್ಯೂಟರುಗಳು ಸುಟ್ಟು ಬ್ಯಾಟರಿಯ ಹತ್ತಾರು ಪಟ್ಟು ಖರ್ಚು ಬರುತ್ತದೆ. ಕ್ಲಿಪ್ ಮುಟ್ಟಿಸುವ ಮೊದಲು ಬ್ಯಾಟರಿಯ ಮೇಲಿನ ಪ್ಲಸ್, ಮೈನಸ್ ಗುರುತನ್ನು ಟಾರ್ಚ್ ಹಿಡಿದು ಓದಿ. ವೈರಿನ ಬಣ್ಣವನ್ನೊಂದನ್ನೇ ನಂಬಬೇಡಿ.

ದಾರಿಯಲ್ಲಿ ಹೋಗುವ ಕೆಂಪುಕಲ್ಲಿನ ಲಾರಿಯನ್ನು ನಿಲ್ಲಿಸಿ ಜಂಪ್ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಹಾಗೆಯೇ ನಿಮ್ಮ ಹೈಬ್ರಿಡ್‌ನಿಂದ ನೆರೆಮನೆಯ ಡೀಸೆಲ್ ಜೀಪಿಗೆ ಜಂಪ್ ಕೊಡಲೂ ಹೋಗಬೇಡಿ. ಅದರ ಸ್ಟಾರ್ಟರ್ ಒಮ್ಮೆಲೇ ಎಳೆಯುವ ಇನ್ನೂರು ಮುನ್ನೂರು ಆಂಪಿಯರ್ ಕೊಡಲು ಈ ಸಣ್ಣ ಬ್ಯಾಟರಿ, ಈ ಕನ್ವರ್ಟರ್ ಮಾಡಿದ್ದಲ್ಲ.

ರೆಡಿ ಬಂದ ಮೇಲೆ ಕ್ಲಿಪ್ ತೆಗೆದು ಒಂದು ಗಂಟೆ ಓಡಿಸಿ. ಅಷ್ಟಕ್ಕೇ ಬ್ಯಾಟರಿ ತುಂಬಿತು ಎಂದುಕೊಳ್ಳಬೇಡಿ. ಪೂರ್ತಿ ಸತ್ತಿದ್ದ ಬ್ಯಾಟರಿಗೆ ಚಾರ್ಜರಿನಲ್ಲಿ ಒಂದು ರಾತ್ರಿಯಾದರೂ ಬೇಕು. ಮರುದಿನ ಬೆಳಿಗ್ಗೆ 12.4 ಕೂಡ ತೋರಿಸದಿದ್ದರೆ ಬದಲಿಸುವುದೇ ಲೇಸು.

ಬದಲಿಸುವಾಗ ಅಂಗಡಿಯವರು ಹೊಂದುವ ಅಳತೆಯ ಸಾಧಾರಣ ಬ್ಯಾಟರಿ ಕಡಿಮೆ ಬೆಲೆಗೆ ತೋರಿಸಬಹುದು. ಬಾನೆಟ್ ಕೆಳಗೆ ಸಾಧಾರಣ ಬ್ಯಾಟರಿಯೇ ಬಂದಿದ್ದ ಕಾರಿಗೆ ಅದು ನಡೆಯುತ್ತದೆ. ಆದರೆ ಬ್ಯಾಟರಿ ಡಿಕ್ಕಿಯಲ್ಲಿ, ಅಂದರೆ ನಾವು ಕೂರುವ ಗಾಳಿಯಲ್ಲೇ ಇರುವ ಕಾರಿಗೆ ಬರುವುದು ಎಜಿಎಂ, ಅದರ ಬದಿಯಿಂದ ಒಂದು ಸಣ್ಣ ರಬ್ಬರ್ ಟ್ಯೂಬು ನೆಲದ ತೂತಿನ ಮೂಲಕ ಹೊರಗೆ ಹೋಗುತ್ತದೆ. ಚಾರ್ಜ್ ಆಗುವಾಗ ಏಳುವ ಹೈಡ್ರೋಜನ್ ಹೊರಗೆ ಹೋಗಲು ಇರುವ ದಾರಿ ಅದು. ಅಲ್ಲಿ ಮುಚ್ಚಳದಿಂದ ಗಾಳಿ ಬಿಡುವ ಸಾಧಾರಣ ಬ್ಯಾಟರಿ ಕೂರಿಸಿದರೆ ಆ ಉರಿಯುವ ಅನಿಲ ಕಾರಿನೊಳಗೇ ಸೇರುತ್ತದೆ. ಹೊಸ ಎಜಿಎಂ ಹಾಕಿದ ಮೇಲೆ ಕೆಲಸ ಮಾಡಿದ ಹುಡುಗ ಹೊರಡುವ ಮೊದಲು ಮುಚ್ಚಳ ತೆಗೆಸಿ, ಆ ಟ್ಯೂಬು ಬ್ಯಾಟರಿಯ ಬದಿಯ ತೂತಿಗೆ ಮತ್ತೆ ಸಿಕ್ಕಿದೆಯೇ ಎಂದು ಬೆರಳಿನಿಂದ ಎಳೆದು ನೋಡಿ.